ತಾನಾಗಿ ಹೋಗುವ ಕಂತು

ಆಸ್ಪತ್ರೆಯಿಂದ ಫೋನು ಬಂದಾಗ ಟೈಲರಮ್ಮ ಬಿಳಿ ಕೋಟೊಂದಕ್ಕೆ ಜೇಬು ಹೊಲಿಯುತ್ತಿದ್ದಳು. ಬರುವ ಗುರುವಾರ ಅತ್ತೆಯ ಕಣ್ಣಿನ ಪೊರೆಯ ಆಪರೇಷನ್ನು. ಫೋನಿನಲ್ಲಿದ್ದ ಹುಡುಗಿ ಹೇಳಿದಳು: "ಅಜ್ಜಿಯ ವಿಮೆಗೆ ಈ ವರ್ಷದ ಕಂತು ಬಂದಿಲ್ಲವಂತೆ ಮೇಡಂ. ವಿಚಾರಿಸಿ. ಇಲ್ಲದಿದ್ದರೆ ಪೂರ್ತಿ ಖರ್ಚು ನೀವೇ ಕೊಡಬೇಕಾಗುತ್ತೆ."

ಟೈಲರಮ್ಮ ಮಷೀನು ನಿಲ್ಲಿಸಿದಳು. ಗಂಡ ತೀರಿಕೊಂಡು ಎರಡು ತಿಂಗಳಾಗಿತ್ತು. ಅವನಿದ್ದಾಗ ಬಿಲ್ಲಿನ ಮಾತೇ ಅವಳ ಕಿವಿಗೆ ಬೀಳುತ್ತಿರಲಿಲ್ಲ. ಕರೆಂಟು, ನೀರು, ವಿಮೆ, ಎಲ್ಲವೂ ಅವನ ಖಾತೆಯಿಂದ ತಾನಾಗಿ ಹೋಗುತ್ತಿದ್ದವು.

"ಕಂತು ಹೋಗಿಲ್ವಂತಾ? ನನ್ನ ಮಗ ಎಂದೂ ತಪ್ಪಿಸಿದವನಲ್ಲ" ಎಂದರು ಅತ್ತೆ.

"ಅವರೀಗ ಇಲ್ಲವಲ್ಲ ಅತ್ತೆ."

"ಅದು ನನಗೆ ಗೊತ್ತಿಲ್ವಾ? ಮಂಜಾಗಿರೋದು ಕಣ್ಣು ಕಣೇ, ತಲೆಯಲ್ಲ."

ಟೈಲರಮ್ಮ ಎದುರು ಮನೆಯ ಬ್ಯಾಂಕಕ್ಕನನ್ನು ಕರೆದಳು. ಮೂವತ್ತು ವರ್ಷ ಬ್ಯಾಂಕಿನ ಕೌಂಟರಿನಲ್ಲಿ ಕೂತು ನಿವೃತ್ತರಾದವರು ಅವರು. ಬಂದವರು ಕೇಳಿದ ಮೊದಲ ಮಾತು: "ಅವನ ಫೋನೆಲ್ಲಿ?"

ಟೈಲರಮ್ಮ ಬೀರುವಿನ ಕಡೆ ನೋಡಿದಳು. ಗಂಡ ತೀರಿಕೊಂಡ ವಾರವೇ ಅವಳು ಆ ಫೋನನ್ನು ಆಫ್ ಮಾಡಿ, ಅವನ ಕರ್ಚೀಫಿನಲ್ಲಿ ಸುತ್ತಿ, ಬೀರುವಿನಲ್ಲಿ ಅವನ ಅಂಗಿಗಳ ಕೆಳಗೆ ಇಟ್ಟಿದ್ದಳು. ಅದು ರಿಂಗಾದಾಗಲೆಲ್ಲ ಅವಳಿಗೆ ಜೀವ ಹೋಗಿ ಬಂದಂತಾಗುತ್ತಿತ್ತು.

"ತೆಗೀಲೇಬೇಕಾ ಅಕ್ಕ?"

"ತೆಗೀಬೇಕಮ್ಮ. ಬ್ಯಾಂಕು ಹೇಳೋದೆಲ್ಲ ಆ ಫೋನಿಗೇ ಹೇಳುತ್ತೆ. ನೀನು ಅದರ ಬಾಯಿ ಮುಚ್ಚಿಟ್ಟಿದ್ದೀಯ."

ಚಾರ್ಜಿಗೆ ಹಾಕಿ ಅರ್ಧ ಗಂಟೆ ಕಾದರು. ಫೋನಿನ ಪರದೆ ಬೆಳಗಿತು. ಸಂದೇಶಗಳು ಒಂದರ ಹಿಂದೊಂದು ಬಂದವು. ಬ್ಯಾಂಕಕ್ಕ ಕನ್ನಡಕ ಸರಿಮಾಡಿಕೊಂಡು ಓದಿದರು. ಹೋದ ತಿಂಗಳ ಐದನೇ ತಾರೀಕು ವಿಮೆಯ ಕಂತು ಹೋಗಬೇಕಿತ್ತು. ಖಾತೆಯಲ್ಲಿ ಹಣ ಸಾಲದೆ ಹೋಗಲಿಲ್ಲ. ಮರುದಿನವೂ ಅದೇ ಕಥೆ. ಸಂಬಳ ನಿಂತಿತ್ತು, ಬಿಲ್ಲುಗಳು ನಿಂತಿರಲಿಲ್ಲ.

"ಇದೇನಿದು? ಎರಡನೇ ತಾರೀಕು 'ನಿದ್ದೆ ಸಂಗೀತ' ಅನ್ನೋ ಆ್ಯಪ್‌ಗೆ ಹಣ ಹೋಗಿದೆ. ಇದೊಂದು ಹೋಗದಿದ್ದರೆ ಕಂತಿಗೆ ಸರಿಹೋಗ್ತಿತ್ತು. ಮೊದಲ ತಿಂಗಳು ಉಚಿತ ಅಂತ ಸೇರಿಸಿಕೊಂಡಿದ್ದಾರೆ. ಆಮೇಲೆ ಹದಿನಾಲ್ಕು ತಿಂಗಳಿಂದ ತೆಗೀತಾನೇ ಇದ್ದಾರೆ."

"ನಿದ್ದೆಗಾ? ತಲೆ ಇಟ್ಟರೆ ಗೊರಕೆ ಹೊಡೀತಿದ್ರಲ್ಲ ಅವರು!"

ಅತ್ತೆ ಮೆಲ್ಲಗೆ ಹೇಳಿದರು: "ನಿನಗೆ ಕೇಳಿಸಲಿ ಅಂತ ಹೊಡೀತಿದ್ದ. ಕಾಯಿಲೆ ಶುರುವಾದ ಮೇಲೆ ಅವನಿಗೆ ನಿದ್ದೆಯೇ ಇರಲಿಲ್ಲ. ಅವಳಿಗೆ ಹೇಳಬೇಡಮ್ಮ ಅಂದಿದ್ದ."

ಟೈಲರಮ್ಮ ಫೋನು ಸುತ್ತಿದ್ದ ಕರ್ಚೀಫನ್ನು ಮಡಿಚಿ ಮಡಿಲಲ್ಲಿ ಇಟ್ಟುಕೊಂಡಳು.

ಅಷ್ಟರಲ್ಲಿ ಇನ್ನೊಂದು ಸಂದೇಶ ಕಂಡಿತು: 'ನಿಮ್ಮ ವಿಮೆ ಉಳಿಸಿಕೊಳ್ಳಲು ಈಗಲೇ ಇಲ್ಲಿ ಒತ್ತಿ.' ಟೈಲರಮ್ಮನ ಬೆರಳು ಮುಂದೆ ಹೋಯಿತು. ಬ್ಯಾಂಕಕ್ಕ ಗಬಕ್ಕನೆ ಅವಳ ಕೈ ಹಿಡಿದರು.

"ಒತ್ತಬೇಡ! ಯಾರು ಕಳಿಸಿದ್ದೋ ಏನೋ. ವಿಮೆಯ ಕಾಗದ ತಾ. ಅದರಲ್ಲಿರೋ ನಂಬರಿಗೆ ನಾವೇ ಫೋನ್ ಮಾಡೋಣ."

ಮಾಡಿದರು. ಗಡುವು ಮುಗಿಯಲು ಇನ್ನೂ ನಾಲ್ಕು ದಿನವಿತ್ತು. ಟೈಲರಮ್ಮ ಹೊಲಿಗೆಯ ದುಡ್ಡಿದ್ದ ತನ್ನ ಖಾತೆಯಿಂದಲೇ ಕಂತು ಕಟ್ಟಿದಳು. ಅವಳು ಗುಟ್ಟಿನ ಸಂಖ್ಯೆ ಒತ್ತುವಾಗ ಬ್ಯಾಂಕಕ್ಕ ಕಿಟಕಿಯ ಕಡೆ ಮುಖ ತಿರುಗಿಸಿದರು. "ನನಗೂ ತೋರಿಸಬಾರದು, ತಿಳೀತಾ?"

ಹಣ ಸಂದಿತೆಂಬ ರಸೀದಿ ಬಂದಮೇಲೆ ಟೈಲರಮ್ಮ ಗೋಡೆಗೆ ಒರಗಿ ಕೂತಳು. "ಸಾಕಾಯ್ತು ಅಕ್ಕ. ಈ ತಾನಾಗಿ ಹೋಗೋದು ನನಗೆ ಬೇಡ. ಎಲ್ಲಾ ಸಾಲಿನಲ್ಲಿ ನಿಂತು ಕಟ್ತೀನಿ."

"ನಿಲ್ಲು. ಕರೆಂಟಿಗೊಂದು ಸಾಲು, ನೀರಿಗೊಂದು ಸಾಲು. ಕೋಟು ಯಾರು ಹೊಲೀತಾರೆ, ನಾನಾ? ನನಗೆ ಗುಂಡಿ ಹಾಕೋಕೂ ಬರಲ್ಲ."

ಟೈಲರಮ್ಮನಿಗೆ ಸಣ್ಣ ನಗು ಬಂತು.

"ಇಷ್ಟು ವರ್ಷ ಒಂದು ದಿನವಾದರೂ ಕರೆಂಟು ಹೋಗಿತ್ತಾ, ದಂಡ ಬಿದ್ದಿತ್ತಾ? ಅದು ಇದರ ಒಳ್ಳೇತನ. ಆದರೆ ಹಣ ಇದೆಯೋ ಇಲ್ಲವೋ ಅಂತ ನಾವೇ ನೋಡಬೇಕು. ತಾರೀಕಿಗೆ ಎರಡು ದಿನ ಮುಂಚೆ ಖಾತೆ ನೋಡು. ಇಷ್ಟಕ್ಕಿಂತ ಹೆಚ್ಚು ತೆಗೀಬಾರದು ಅಂತ ಮಿತಿ ಹಾಕು. ಸಂದೇಶ ನಿನ್ನ ಫೋನಿಗೆ ಬರಲಿ. ಅವನ ಖಾತೆ ವಿಷಯ ನಾಳೆನೇ ಬ್ಯಾಂಕಿಗೆ ತಿಳಿಸಬೇಕು. ತಿಳಿಸಿದರೆ ಅದು ನಿಂತುಹೋಗುತ್ತೆ. ಅದಕ್ಕೇ ಕರೆಂಟು, ನೀರು, ವಿಮೆ ಇವತ್ತೇ ನಿನ್ನ ಖಾತೆಗೆ ಬದಲಾಗಲಿ."

"ಆಗಲಿ ಅಕ್ಕ. ಈ ಸಂಗೀತ?"

"ಫೋನಿನಿಂದ ತೆಗೆದುಹಾಕಿದರೆ ಸಾಲದು. ಬ್ಯಾಂಕಿಗೆ ಅವನು ಕೊಟ್ಟ ಒಪ್ಪಿಗೆಯನ್ನೇ ರದ್ದು ಮಾಡಿಸಬೇಕು."

ಟೈಲರಮ್ಮ ತಲೆ ತಗ್ಗಿಸಿದಳು. ಅವನು ಹಾಕಿಸಿಕೊಂಡಿದ್ದು. ನಿಲ್ಲಿಸಲು ಮನಸ್ಸು ಬರಲಿಲ್ಲ.

ಅತ್ತೆ ತಡವರಿಸಿ ಬಂದು ಅವಳ ಬೆನ್ನ ಮೇಲೆ ಕೈ ಇಟ್ಟರು. "ನಿಲ್ಲಿಸು ಮಗೂ. ಅವನಿಗೀಗ ದೇವರೇ ನಿದ್ದೆ ಕೊಟ್ಟಿದ್ದಾನೆ."

ಇದನ್ನು ಓದುತ್ತಿರುವ, ಕೇಳುತ್ತಿರುವ ತಾಯಂದಿರೇ, ಅಣ್ಣಂದಿರೇ, ನಿಮ್ಮ ಮನೆಯಲ್ಲಿ ತಾನಾಗಿ ಏನೇನು ಹೋಗುತ್ತಿದೆ? ಯಾವ ಖಾತೆಯಿಂದ, ಯಾವ ತಾರೀಕಿಗೆ? ಒಬ್ಬರಿಗೆ ಮಾತ್ರ ಗೊತ್ತಿದ್ದರೆ ಸಾಲದು. ಇವತ್ತು ಊಟವಾದ ಮೇಲೆ ಎಲ್ಲರೂ ಕೂತು ಒಂದು ಹಾಳೆಯಲ್ಲಿ ಬರೆಯಿರಿ. ಬೇಡದ್ದನ್ನು ನಿಲ್ಲಿಸಿ. ಗುಟ್ಟಿನ ಸಂಖ್ಯೆ ಮಾತ್ರ ಆ ಹಾಳೆಯಲ್ಲಿ ಬರೆಯಬೇಡಿ. ದೇವರು ನಿಮ್ಮೆಲ್ಲರಿಗೂ ದೀರ್ಘ ಆಯುಸ್ಸು ಕೊಡಲಿ. ಹಾಳೆಯನ್ನು ಮಾತ್ರ ಇವತ್ತೇ ಬರೆದಿಡಿ.