ಫಿರಂಗಿಯ ಕಣ್ಣಿನ ಬಣ್ಣ

ಹಡಗಿನಿಂದಲೇ ಶುರು ಮಾಡೋಣ ಅಂದುಕೊಂಡಿದ್ದೆ. ಹೊಚ್ಚಹೊಸ ಯುದ್ಧನೌಕೆ, ಮೈಮೇಲೆ ಇನ್ನೂ ಹಸಿ ಪೇಂಟಿನ ವಾಸನೆ. ಹೊಸ ಮಡಕೆಗೆ ನೀರು ತುಂಬಿಸಿ ಎಲ್ಲಿ ಸೋರುತ್ತದೆ ಎಂದು ನೋಡುವ ಹಾಗೆ, ಹೊಸ ಹಡಗನ್ನು ಯುದ್ಧಕ್ಕೆ ಕಳಿಸುವ ಮುಂಚೆ ಬೆಚ್ಚನೆಯ ಸಮುದ್ರದಲ್ಲಿ ಒಂದೂವರೆ ತಿಂಗಳು ಓಡಿಸಿ, ಕುಲುಕಿ, ಗುಂಡು ಹಾರಿಸಿ ನೋಡುತ್ತಾರೆ. ಅದು ನಲವತ್ಮೂರನೆಯ ಇಸವಿಯ ಬೇಸಿಗೆ. ಮೂರು ಪುಟ ಬರೆದೆ. ನಾಲ್ಕನೆಯದಕ್ಕೆ ಬಂದಾಗ ಗೊತ್ತಾಯಿತು: ಹಡಗಿನಲ್ಲಿ ಎರಡು ಸಾವಿರ ಗಂಡಸರಿದ್ದಾರೆ, ಒಬ್ಬನಿಗೂ ನನ್ನ ಜೊತೆ ಮಾತಾಡಲು ಪುರುಸೊತ್ತಿಲ್ಲ. ಹರಿದು ಹಾಕಿದೆ.

(ಹಡಗಿನ ಹೆಸರೇ? ಸೆನ್ಸಾರಿನವರು ಕತ್ತರಿಸಿದ್ದಾರೆ. ಮುಂದೆಯೂ ಸಿಗುವುದಿಲ್ಲ, ಹುಡುಕಬೇಡಿ.)

ಹಾಗಾದರೆ ವರ್ನಾಳಿಂದ ಶುರು.

೧

ವರ್ನಾ ಲಿಂಡ್‌ಕ್ವಿಸ್ಟ್‌ಗೆ ನಲವತ್ತಾರು ವರ್ಷ. ವಾಷಿಂಗ್ಟನ್ನಿನ ನೌಕಾಪಡೆಯ ಫೋಟೋ ಲ್ಯಾಬಿನಲ್ಲಿ ಕಿಟಕಿ ಪಕ್ಕದ ಮೇಜು ಅವಳದು. ಅದಕ್ಕೆ ಮುಂಚೆ ಇಪ್ಪತ್ತೆರಡು ವರ್ಷ ಡಲೂತ್ ಊರಿನ ಸ್ಟುಡಿಯೋದಲ್ಲಿ ಕಪ್ಪು-ಬಿಳುಪು ಫೋಟೋಗಳಿಗೆ ಕೈಯಿಂದ ಬಣ್ಣ ಹಚ್ಚಿದವಳು. ಮದುಮಗಳ ಕೆನ್ನೆಗೆ ಹತ್ತಿಯ ತುದಿಯಲ್ಲಿ ಇಷ್ಟೇ ಇಷ್ಟು ಗುಲಾಬಿ. ಮದುಮಗನ ಕೆನ್ನೆಗೆ ಅದರ ಅರ್ಧ, ಇಲ್ಲದಿದ್ದರೆ ಕುಡಿದವನ ಹಾಗೆ ಕಾಣುತ್ತಾನೆ.

ಈಗ ಬಣ್ಣದ ಫಿಲ್ಮ್ ಬಂದಿದೆ. ಬಿಸಿಲು ತಾನೇ ಬಣ್ಣ ಹಚ್ಚಿಕೊಡುತ್ತದೆ. ವರ್ನಾಳಿಗೆ ಉಳಿದಿರುವುದು ದೂಳಿನ ಚುಕ್ಕೆ ಮುಚ್ಚುವ ಕೆಲಸ. ಮುಂದಿನ ತಿಂಗಳ ಕೊನೆಗೆ ಅವಳನ್ನು ನೆಲಮಾಳಿಗೆಯ ಫೈಲ್ ಕೋಣೆಗೆ ಹಾಕುತ್ತಾರಂತೆ.

ಅಂಥ ಒಂದು ಬೆಳಿಗ್ಗೆ ಲೆಫ್ಟಿನೆಂಟ್ ಪ್ರೆಸ್ಕಾಟ್, ಇಪ್ಪತ್ತೆಂಟರ ಹುಡುಗಮುಖದವನು, ಹೊಸ ಹಡಗಿನಿಂದ ಬಂದ ಬಣ್ಣದ ಸ್ಲೈಡುಗಳನ್ನು ಅವಳ ಮುಂದೆ ಇಟ್ಟ.

"ಮೂವತ್ತೊಂದು ಸಲ ಫಿರಂಗಿ ಹಾರಿದೆ ಮೇಡಂ. ಮೂವತ್ತೊಂದರಲ್ಲೂ ಬರೀ ಹೊಗೆ. ಪತ್ರಿಕೆಯವ್ರಿಗೆ ಬೆಂಕಿ ಬೇಕಂತೆ. ನೀವೇ ಸ್ವಲ್ಪ ಬಣ್ಣ ಹಚ್ಚಿಬಿಡಿ."

"ಯಾವ ಬಣ್ಣ?"

"ಬೆಂಕಿ ಬಣ್ಣ ರೀ!"

"ನಾನು ನೋಡಿಲ್ವಲ್ಲ."

"ಮನೇಲಿ ಒಲೆ ನೋಡಿಲ್ವಾ?"

"ನಮ್ಮನೆ ಒಲೆ ಹದಿನಾರಿಂಚಿನ ಗುಂಡು ಹಾರ್ಸಲ್ಲ, ಲೆಫ್ಟಿನೆಂಟ್."

ಪಕ್ಕದ ಮೇಜಿನ ಯೂಲಾಳ ಮೂಗಿಗೆ ಕಾಫಿ ಹತ್ತಿತು.

ಪ್ರೆಸ್ಕಾಟ್ ದನಿ ತಗ್ಗಿಸಿದ. "ಬೆಂಕಿ ಸಿಕ್ರೆ ಈ ಮೇಜು ನಿಮ್ಗೇ ಉಳಿಯೋ ಹಾಗೆ ನೋಡ್ಕೋತೀನಿ."

(ಇಲ್ಲಿ ಮೊದಲ ಕರಡಿನಲ್ಲಿ ವರ್ನಾ ಕಿಟಕಿಯತ್ತ ತಿರುಗಿ ಕಣ್ಣೊರೆಸಿಕೊಳ್ಳುತ್ತಿದ್ದಳು. "ಅಳೋದ್ಯಾಕೆ?" ಎಂದು ನನ್ನನ್ನೇ ಕೇಳಿದಳು. "ನಲವತ್ತಾರಾದ ಹೆಂಗಸು ಕಿಟಕಿ ಕಡೆ ತಿರುಗಿದ್ರೆ ಅಳ್ಲೇಬೇಕಾ? ಪಾರಿವಾಳ ನೋಡ್ತಿದ್ದೆ." ಕ್ಷಮಿಸಿ. ಪಾರಿವಾಳ.)

೨

ಸ್ಟುಡಿಯೋದಲ್ಲಿ ಒಂದು ಪದ್ಧತಿ ಇತ್ತು. ಬಣ್ಣ ಬೇಕೆಂದವರು ಒಂದು ಚೀಟಿ ತುಂಬಿ ಹೋಗಬೇಕು: ಕಣ್ಣು, ಕೂದಲು, ಉಡುಪು. ಚೀಟಿ ಇಲ್ಲದೆ ವರ್ನಾ ಬ್ರಷ್ ಎತ್ತಿದವಳಲ್ಲ. ಈಗಲೂ ಎತ್ತಲಿಲ್ಲ. ಅಂಥದ್ದೇ ಹನ್ನೊಂದು ಚೀಟಿಗಳನ್ನು ಟೈಪ್ ಮಾಡಿ ಹಡಗಿನ ಫೋಟೋಗ್ರಾಫರ್ ಟ್ಯಾಕೆಟ್‌ಗೆ ಅಂಚೆಯ ವಿಮಾನದಲ್ಲಿ ಕಳಿಸಿದಳು. ಮೇಲೆ ಒಂದೇ ಸಾಲು: "ಫಿರಂಗಿಯ ಹತ್ತಿರ ನಿಲ್ಲುವವರು ಅದರ ಬೆಂಕಿಯನ್ನು ನೆನೆದು ದಯವಿಟ್ಟು ತುಂಬಿಕೊಡಿ."

ಎಂಟು ದಿನಕ್ಕೆ ಉತ್ತರ ಬಂತು. ಯೂಲಾ ಮೇಜಿನ ಮೇಲೇ ಕೂತು ಓದಿದಳು.

"ಕಣ್ಣು: ಪೀಚ್ ಹಣ್ಣಿನ ಬೀಜದ ಸುತ್ತ ಇರೋ ಕೆಂಪು. ಕೂದಲು: ನಮ್ಮತ್ತೆದು, ಸಿಟ್ಟು ಬಂದಾಗ. ಉಡುಪು: ಏನೂ ಇಲ್ಲ, ನಾಚ್ಕೆಗೆಟ್ಟದ್ದು."

"ಕಣ್ಣು: ಅರ್ಧ ಬೆಂದ ಮೊಟ್ಟೆ ಹಳದಿ. ಇವ್ನು ಅಡುಗೆಯವ್ನೇ ಕಣೇ, ಬೆಟ್ ಕಟ್ತೀನಿ!"

"ಕಣ್ಣು: ನೀಲಿ. ನಿಮ್ಮದು?"

"ಅದನ್ನ ಕೊಡೇ ಇಲ್ಲಿ," ಎಂದು ವರ್ನಾ ಕಿತ್ತುಕೊಂಡಳು. (ಆ ಚೀಟಿ ಏನಾಯಿತು ಎಂದು ನನಗೆ ಹೇಳಿಲ್ಲ.)

ಹನ್ನೊಂದು ಚೀಟಿ, ಹನ್ನೊಂದು ಬಣ್ಣ. ಜೊತೆಗೆ ಟ್ಯಾಕೆಟ್‌ನ ಕಾಗದ: "ಮೇಡಂ, ನಿಮ್ಮ ಚೀಟಿಯಿಂದ ಇಲ್ಲಿ ದೊಡ್ಡ ಜಗಳ ಆಗೋಗಿದೆ, ಊಟದಲ್ಲೂ ಅದೇ ಮಾತು. ಮೂರು ಸಲ ಬಜರ್ ಹೊಡೀತದೆ, ಮೂರನೇದಕ್ಕೆ ಗುಂಡು. ಮೂರನೇದು ಕಿವಿಗೆ ಬಿದ್ದ ತಕ್ಷಣ ನಾನು ಕ್ಯಾಮೆರಾ ಬಟನ್ ಒತ್ತೀನಿ. ನನ್ನಷ್ಟು ಚುರುಕಾದ ಬೆರಳು ಇಡೀ ನೌಕಾಪಡೇಲಿ ಇಲ್ಲ. ಆದ್ರೂ ಹೊಗೆ."

೨½

ಇಲ್ಲಿ ನಾನೊಂದು ಉಪಕಾರ ಮಾಡಲು ಹೋದೆ. ವರ್ನಾಳನ್ನು ಅದೇ ಅಂಚೆಯ ವಿಮಾನ ಹತ್ತಿಸಿ, ಹಡಗಿನ ಡೆಕ್ಕಿನ ಮೇಲೆ ಇಳಿಸಿ, ತಲೆಗೆ ಸ್ಕಾರ್ಫ್ ಕಟ್ಟಿ ನಿಲ್ಲಿಸಿದೆ. ಗಾಳಿಯೂ ಬೀಸಿತು. ಚೆನ್ನಾಗಿಯೇ ಬರೆದಿದ್ದೆ.

"ಹೆಂಗಸರನ್ನ ಯುದ್ಧದ ಹಡಗು ಹತ್ಸಲ್ಲ," ಎಂದಳು.

"ಕಥೆಯಲ್ಲಿ ಹತ್ತಿಸಬಹುದು."

"ನೀವೂ ಆ ಲೆಫ್ಟಿನೆಂಟ್ ಥರಾನೇ. ನೋಡದೆ ಇರೋದಕ್ಕೆ ಬಣ್ಣ ಹಚ್ಚೋಕೆ ಹೊರಟಿದ್ದೀರ."

ಇಳಿಸಿದೆ. ಸ್ಕಾರ್ಫ್ ಮಾತ್ರ ಅವಳು ವಾಪಸು ಕೊಡಲಿಲ್ಲ, ಹಸಿರು ಬಣ್ಣ ಇಷ್ಟವಾಯಿತಂತೆ.

೩

ಮೂವತ್ತೊಂದು ಹೊಗೆಗಳನ್ನು ವರ್ನಾ ಬೆಳಕಿನ ಪೆಟ್ಟಿಗೆಯ ಮೇಲೆ ಸಾಲಾಗಿ ಹರಡಿದಳು. ಎಲ್ಲವೂ ಒಂದೇ ಗಾತ್ರ, ಒಂದೇ ಅಚ್ಚಿನಲ್ಲಿ ತೆಗೆದ ಹಾಗೆ. ಇಂಥದ್ದನ್ನು ಎಲ್ಲೋ ನೋಡಿದ್ದೇನಲ್ಲ ಎನ್ನಿಸಿತು. ಸ್ಟುಡಿಯೋದ ಫೋಟೋಗಳಲ್ಲಿ: ಯಾರದೋ ಮಗು, ಯಾರದೋ ತೊಡೆಯ ಮೇಲೆ, ಮುಚ್ಚಿಕೊಳ್ಳುತ್ತಿರುವ ಬಾಯಿ.

ಆಗಲೇ ಬರೆದಳು: "ಮಿಸ್ಟರ್ ಟ್ಯಾಕೆಟ್, ಮಗು ನಕ್ಕದ್ದು ಕಂಡು ಬಟನ್ ಒತ್ತಿದರೆ ಸಿಗುವುದು ನಕ್ಕು ಮುಗಿದ ಮುಖ. ನಗುವ ಮುಂಚೆ ಅದು ಉಸಿರು ಎಳೆದುಕೊಳ್ಳುತ್ತದೆ, ಒತ್ತಬೇಕಾದದ್ದು ಆಗ. ನಿಮ್ಮ ಬೆರಳು ಚುರುಕಾಗಿಯೇ ಇದೆ, ಆದರೆ ಅದು ಕಿವಿಯ ಮಾತು ಕೇಳುತ್ತಿದೆ. ಮೂರನೆಯ ಬಜರ್‌ಗೆ ಕಾಯಬೇಡಿ. ಮೊದಲೆರಡರ ನಡುವೆ ಎಷ್ಟು ಹೊತ್ತು ಎಂದು ಲೆಕ್ಕ ಇಟ್ಟು, ಎರಡನೆಯದಾದ ಮೇಲೆ ಅಷ್ಟಕ್ಕಿಂತ ಕೂದಲೆಳೆಯಷ್ಟು ಮುಂಚೆ ಒತ್ತಿ."

"ಫಿರಂಗಿಗೂ ಮಗುಗೂ ಒಂದೇ ಮದ್ದಾ?" ಎಂದು ಯೂಲಾ ನಕ್ಕಳು.

"ಎರಡೂ ಹೇಳ್ದಂಗೆ ಕೇಳಲ್ಲ ಕಣೇ."

೪

ಇಪ್ಪತ್ತು ದಿನದ ಮೇಲೆ ಒಂದೇ ಒಂದು ಸ್ಲೈಡ್ ಬಂತು.

ವರ್ನಾ ದೀಪ ಹಾಕಿ ಭೂತಗನ್ನಡಿಗೆ ಕಣ್ಣಿಟ್ಟಳು. ಗಿಳಿಹಸಿರಿಗೆ ಹತ್ತಿರದ ಸಮುದ್ರ. ಬೂದು ಉಕ್ಕು. ಫಿರಂಗಿಯ ಮೂರು ನಳಿಗೆಗಳ ಬಾಯಿಂದಲೂ ಬೆಂಕಿ, ಹೊಗೆ ಹುಟ್ಟುವುದಕ್ಕೂ ಮುಂಚಿನ ಬೆಂಕಿ! ಅಂಚಿನಲ್ಲಿ ಕಿತ್ತಳೆಯ ಒಂದು ಎಳೆ. ಒಳಗೆಲ್ಲ ಬಿಳಿ. ಬಿಳಿಯೆಂದರೆ ಅಲ್ಲಿ ಬಣ್ಣವೇ ಇಲ್ಲ. ಆ ಬೆಳಕನ್ನು ಫಿಲ್ಮಿಗೆ ತಡೆದುಕೊಳ್ಳಲಾಗಿಲ್ಲ.

ಆಮೇಲೆ ಕೆಳಗೆ ನೋಡಿದಳು. ಡೆಕ್ಕಿನ ಮೇಲೆ ಹನ್ನೊಂದು ಜನ. ಕಿವಿ ಒಡೆಯದಿರಲೆಂದು ಎಲ್ಲರೂ ಬಾಯಿ ಅಗಲಿಸಿದ್ದಾರೆ, ಒಟ್ಟಿಗೆ ಹಾಡುತ್ತಿರುವಂತೆ. ಕಣ್ಣುಗಳೋ, ಇಪ್ಪತ್ತೆರಡೂ ಬಿಗಿಯಾಗಿ ಮುಚ್ಚಿವೆ.

"ಯೂಲಾ," ಎಂದಳು. "ಒಬ್ನೂ ನೋಡಿಲ್ಲ ಕಣೇ."

ಯೂಲಾ ಬಗ್ಗಿ ನೋಡಿ ಕಿರುಚಿದಳು. "ಪೀಚ್ ಹಣ್ಣಂತೆ! ಮೊಟ್ಟೆಯಂತೆ! ಸುಳ್ಳುಬುರುಕ್ ಮುಂಡೇವು!"

ನಗು ಮೇಜಿನಿಂದ ಮೇಜಿಗೆ ಹಬ್ಬಿತು. ಇಡೀ ಮಹಡಿಯ ಹೆಂಗಸರು ಸರದಿಯಲ್ಲಿ ನಿಂತು ಭೂತಗನ್ನಡಿಯಲ್ಲಿ ಇಣುಕಿದರು. ಅತ್ತೆಯ ಕೂದಲು ಬರೆದವನು ಯಾರು, ಅಡುಗೆಯವನು ಯಾರು ಎಂದು ಪಂಥ ಕಟ್ಟಿದರು. ವರ್ನಾ ಹೊಟ್ಟೆ ಹಿಡಿದುಕೊಂಡು ನಕ್ಕಳು. ಈ ಊರಿಗೆ ಬಂದ ಮೇಲೆ ಇಷ್ಟು ನಕ್ಕದ್ದು ಇದೇ ಮೊದಲು. (ಇದಕ್ಕೆ ಅವಳ ತಕರಾರಿಲ್ಲ.)

ಸದ್ದು ಕೇಳಿ ಪ್ರೆಸ್ಕಾಟ್ ಬಂದ. ನೋಡಿದ. "ಬಂತಲ್ಲ ಬೆಂಕಿ! ಆದ್ರೆ ಬಿಳಿ ಇದೆಯಲ್ಲ ಮೇಡಂ. ಸ್ವಲ್ಪ ಕೆಂಪು ಹಚ್ಚಿ, ಮೇಜು ನಿಮ್ದೇ."

ಮುಕ್ತಾಯ ಅ: ವರ್ನಾ ಹಚ್ಚುತ್ತಾಳೆ. ಮುಖಪುಟದಲ್ಲಿ ಚಂದದ ಕೆಂಪು ಬರುತ್ತದೆ. "ಕೈ ಕತ್ತರಿಸಿಕೊಂಡೇನು," ಎಂದಳು. ಅಳಿಸಿದೆ.

ಮುಕ್ತಾಯ ಆ: ಬ್ರಷ್ ಮುರಿದು, ತಲೆಯೆತ್ತಿ ಹೊರನಡೆಯುತ್ತಾಳೆ. "ನಡೆದು ಎಲ್ಲಿಗೆ ಹೋಗ್ಲಿ? ನನ್ನ ಕೆಲ್ಸ ನಂಗಿಷ್ಟ. ಬ್ರಷ್ಶೂ ಒಳ್ಳೇದು." ಅದೂ ಹೋಯಿತು.

ನನ್ನ ಹತ್ತಿರ ಇದ್ದದ್ದು ಅಷ್ಟೇ. ಉಳಿದದ್ದನ್ನು ಅವಳೇ ಹೇಳಿದಳು.

"ನೀವು ಬೆಂಕಿ ಕೇಳಿದ್ರಿ, ಲೆಫ್ಟಿನೆಂಟ್. ಈ ಚಿತ್ರಕ್ಕೆ ಬೆಂಕಿ ತಂದುಕೊಟ್ಟೋಳು ನಾನು. ಇಪ್ಪತ್ತು ದಿನದ ಹಿಂದೇನೇ, ಒಂದು ಕಾಗದದಲ್ಲಿ. ಅದರ ಮೇಲೆ ಬಣ್ಣ ಬಳಿಯೋದು ನನ್ನ ಕೆಲ್ಸ ಅಲ್ಲ. ಬೇರೆ ಹಡಗುಗಳೂ ಬರೀ ಹೊಗೆ ತೆಗೀತಿವೆ. ಅವಕ್ಕೆಲ್ಲ ಕಾಗದ ಬರೆಯೋಕೆ ನಂಗೆ ಮೇಜು ಬೇಕು."

ಪ್ರೆಸ್ಕಾಟ್ ಮತ್ತೆ ಭೂತಗನ್ನಡಿಗೆ ಬಾಗಿದ್ದಾನೆ. ಮುಚ್ಚಿದ ಕಣ್ಣುಗಳನ್ನು ಎಣಿಸುತ್ತಿರಬೇಕು; ತುಟಿ ಅಲುಗುತ್ತಿದೆ. ಅದು ಎಣಿಕೆಯೋ, ನಗುವನ್ನು ಅದುಮಿಡುವ ಪಾಡೋ, ನಾನು ನಿಂತಲ್ಲಿಗೆ ಕಾಣುತ್ತಿಲ್ಲ. ನಡುವೆ ಯೂಲಾಳ ಭುಜ ಅಡ್ಡ ಇದೆ. ಸರಿಯಮ್ಮಾ ಎಂದರೆ ಸರಿಯುವವಳಲ್ಲ. ಅಷ್ಟರಲ್ಲಿ ವರ್ನಾ ಇನ್ನೊಂದು ಹಡಗಿನ ಫೋಟೋಗ್ರಾಫರನ ಹೆಸರು ಟೈಪ್ ಮಾಡಲು ಶುರು ಮಾಡಿದ್ದಾಳೆ, ಯಾರ ಅಪ್ಪಣೆಗೂ ಕಾಯದೆ.