ಎರಡನೇ ಕೊಳಲಿನ ಖಾಲಿ ಸಾಲು

1
ಡಿಲೇ ಎಂದರೇನು ಎಂಬಲ್ಲಿಂದ ಶುರು ಮಾಡಲೇ, ಮಾವ ಮೆಟ್ಟಿಲು ಹತ್ತಿ ಬರುತ್ತಿದ್ದಾರೆ ಎಂಬಲ್ಲಿಂದಲೇ? ಮೊದಲನೆಯದನ್ನು ಬರೆದು ನೋಡಿದೆ: 'ಸ್ವರಲಿಪಿಯ ಸಾಫ್ಟ್‌ವೇರಿನಲ್ಲಿ ಡಿಲೇ ಎಂಬ ಮರುದನಿಯ ಪ್ಲಗಿನ್ನಿಗೆ ಮೂರು ಗುಂಡಿಗಳು. ಸ್ವರ ಎಷ್ಟು ಹೊತ್ತಿನ ಮೇಲೆ ಮರಳಬೇಕು, ಎಷ್ಟು ಸಲ, ಎಷ್ಟು ಮೆಲ್ಲಗೆ.' ಕೈಪಿಡಿಯ ವಾಸನೆ ಬಂತು. ಅಳಿಸಿದೆ. (ಆದರೂ ನೀವು ಓದಿಬಿಟ್ಟಿರಿ. ಇರಲಿ, ಮುಂದೆ ಬೇಕಾಗುತ್ತದೆ.)

2
ಸರಿ, ಮಾವ ಹತ್ತುತ್ತಿರಲಿ. ಮೂರು ಮಹಡಿ, ಅವರಿಗೆ ಮಂಡಿನೋವು, ನಮಗೆ ಸಮಯವಿದೆ. ಮೇಲೆ ಕಂಪ್ಯೂಟರಿನ ಮುಂದೆ ಕೂತವಳು ಅವರ ಅಕ್ಕನ ಮಗಳು. ನಾಟಕ ತಂಡವೊಂದಕ್ಕೆ ಸ್ವರಲಿಪಿ ಟೈಪ್ ಮಾಡಿಕೊಡುವುದು ಅವಳ ಕೆಲಸ. ಮಾವ ಅದೇ ತಂಡದ ಎರಡನೇ ಕೊಳಲು. ಹತ್ತೊಂಬತ್ತು ವರ್ಷದಿಂದ ಅವರದು ಒಂದೇ ಕೆಲಸ: ವೇದಿಕೆಯಲ್ಲಿ ಮೊದಲ ಕೊಳಲು ಊದಿದ್ದನ್ನು, ರಂಗದ ಹಿಂದಿನ ಓಣಿಯಲ್ಲಿ ನಿಂತು, ಬಾಗಿಲು ಗೇಣಗಲ ತೆರೆದಿಟ್ಟು, ಮರುದನಿಯಾಗಿ ಊದುವುದು.

ಈ ಸಲದ ನಾಟಕಕ್ಕೆ ಅವಳು, ಮಾವನ ಸ್ವರಗಳ ಸಾಲು ಆಮೇಲೆ ಬರೆದರಾಯಿತೆಂದು, ಕೇಳಿ ನೋಡಲಿಕ್ಕಷ್ಟೇ ಮೊದಲ ಕೊಳಲಿಗೆ ಡಿಲೇ ಹಾಕಿದಳು. ನಿಮಿಷಕ್ಕೆ ತೊಂಬತ್ತಾರು ಬಡಿತ. ಬಡಿತಕ್ಕೆ ಆರುನೂರ ಇಪ್ಪತ್ತೈದು ಮಿಲಿಸೆಕೆಂಡು. ಹೆಡ್‌ಫೋನಿನಲ್ಲಿ ಮರುದನಿ ಎಷ್ಟು ಸೊಗಸಾಗಿ ಕೇಳಿತೆಂದರೆ, ಸಾಲು ಬರೆದೇ ಇಲ್ಲವೆಂಬುದು ಮರೆತುಹೋಯಿತು. ಪ್ಲಗಿನ್ನಿನ ಆಟ ದನಿಯಲ್ಲಿ ಮಾತ್ರ, ಕಾಗದದಲ್ಲಿ ನಡೆಯುವುದಿಲ್ಲ. ಖಾಲಿ ಸಾಲುಗಳನ್ನು ಮುದ್ರಣದಲ್ಲಿ ಅಡಗಿಸುವ ಸೌಕರ್ಯವೂ ಆನ್ ಆಗಿತ್ತು. ಹೀಗಾಗಿ ಮುದ್ರಿತ ಪ್ರತಿಯಲ್ಲಿ ಮಾವನೇ ಇರಲಿಲ್ಲ.

ನಿರ್ದೇಶಕರು ಫೈಲ್ ಕೇಳಿ, ಪ್ರತಿ ನೋಡಿ, ತಪ್ಪನ್ನು ಜಾಣತನವೆಂದೇ ತಿಳಿದರು. ಪ್ರದರ್ಶನದ ದಿನ ಮೈಕಿಗೇ ಇದನ್ನು ಹಾಕೋಣ, ಎರಡನೇ ಕೊಳಲು ಬೇಡ ಎಂದರು. ಹೊಗಳಿಸಿಕೊಂಡವಳು ಬಾಯಿ ಬಿಡಲಿಲ್ಲ.

4
(ಮೂರರಲ್ಲಿ ಅವಳು ಅಳುತ್ತಿದ್ದಳು. ಅವಳ ಸ್ವಭಾವವಲ್ಲ, ತೆಗೆದೆ.)

ಮಾವನನ್ನು ಉಳಿಸಲು ನಾನೂ ನೋಡಿದೆ. ಸಂಗೀತದ ಕೊನೆಯಲ್ಲಿ ಲಯ ನಿಧಾನವಾಗುತ್ತದೆ, ಪ್ಲಗಿನ್ ಹಳೇ ವೇಗದಲ್ಲೇ ಮರಳಿಸಿ ಎಡವುತ್ತದೆ, ನಿರ್ದೇಶಕರು ಮಾವನನ್ನು ಕರೆಸುತ್ತಾರೆ ಎಂದು ಬರೆದೆ. ಅವಳು ಒಪ್ಪಲಿಲ್ಲ.

"ಲಯಕ್ಕೆ ಹೊಂದಿಸೋ ಗುಂಡಿ ಇದೆ. ಮೈಕಿನವರು ಬೆರಳಲ್ಲಿ ತಾಳ ತಟ್ಟಿದ್ರೂ ಸಾಕು. ನನಗೆ ಕೆಲಸ ಗೊತ್ತಿಲ್ಲ ಅನ್ನೋ ಥರ ಬರೀಬೇಡಿ."

ಹಾಗಾದರೆ ಮಾವನಿಗೆ ಏನು ಹೇಳುತ್ತೀ ಎಂದೆ. ಅದು ನಿಮ್ಮ ತಲೆನೋವು ಎಂದಳು. ಪಾತ್ರಗಳಿಗೆ ಸಲಿಗೆ ಕೊಟ್ಟರೆ ಹೀಗೇ.

5
ಮಾವ ಬಂದರು. ಏದುಸಿರು, ಕುರ್ಚಿ, ನೀರು. ಎಲ್ಲರ ಹಾಳೆಯೂ ಬಂದಿದೆ, ನನ್ನದೆಲ್ಲಿ ಎಂದು ಕೇಳಿದರು. ಅವಳು ಹೆಡ್‌ಫೋನ್ ಕೊಟ್ಟಳು. ಅವರು ಕಣ್ಣು ಮುಚ್ಚಿ ಪೂರ್ತಿ ಕೇಳಿದರು.

"ಚೆನ್ನಾಗಿದೆ ಕಣೇ. ಎರಡನೇದು ಯಾರು ಊದಿದ್ದು?"

"ಯಾರೂ ಅಲ್ಲ ಮಾವ."

"ಓಹೋ. ಅವನಿಗೆ ಮಂಡಿನೋವು ಬರಲ್ಲ." ಹೆಡ್‌ಫೋನಿನ ವಯರನ್ನು ನೀಟಾಗಿ ಸುತ್ತಿಟ್ಟರು. "ಮೊದಲನೆಯವನು ತಪ್ಪಿದ್ರೆ?"

"ತಪ್ಪನ್ನೇ ಮತ್ತೆ ಊದುತ್ತೆ."

"ನಾನು ಸರಿ ಮಾಡಿ ಊದ್ತಿದ್ದೆ. ಯಾರಿಗೂ ಹೇಳಿಲ್ಲ. ಅವನಿಗೂ."

(ಇಲ್ಲಿ ನಿಲ್ಲಿಸಿದರೆ ಮನುಷ್ಯ ಗೆದ್ದ ಎಂದುಕೊಂಡು ಪುಸ್ತಕ ಮುಚ್ಚುತ್ತೀರಿ. ಗೆದ್ದಿಲ್ಲ. ನಿರ್ದೇಶಕರ ತೀರ್ಮಾನ ಹಾಗೇ ಇದೆ.)

6
ಮುಕ್ತಾಯ ಒಂದು: ಅವಳು ನಿರ್ದೇಶಕರಿಗೆ ಫೋನ್ ಮಾಡಿ ತಪ್ಪೊಪ್ಪಿಕೊಳ್ಳುತ್ತಾಳೆ. ಬರೆದೆ, ಅವಳು ಫೋನ್ ಮುಟ್ಟಲಿಲ್ಲ. ಮುಕ್ತಾಯ ಎರಡು: ಮಾವ ಕೊಳಲನ್ನು ಅಟ್ಟಕ್ಕೆ ಹಾಕುತ್ತಾರೆ. ಇದನ್ನು ಬರೆಯುವಾಗ ಮಾವ ನನ್ನತ್ತ ನೋಡಿದ ರೀತಿಗೆ ಪೆನ್ನು ಕೆಳಗಿಟ್ಟೆ.

ಆಗ ಅವಳು ನನ್ನನ್ನು ಕೇಳದೆ, ಖಾಲಿ ಸಾಲು ಅಡಗಿಸುವ ಸೌಕರ್ಯವನ್ನು ಆಫ್ ಮಾಡಿ, ಒಂದು ಹಾಳೆ ಮುದ್ರಿಸಿ ಮಾವನ ಕೈಗಿತ್ತಳು. ಮೇಲೆ 'ಎರಡನೇ ಕೊಳಲು' ಎಂದಿತ್ತು. ಕೆಳಗೆ ಬರೀ ಗೆರೆಗಳು.

"ಏನೂ ಇಲ್ವಲ್ಲೇ."

"ಓಣಿಯ ಬಾಗಿಲು ಎಲ್ಲಿದೆ ಅಂತ ನಿಮಗೆ ಗೊತ್ತಲ್ಲ ಮಾವ."

ಅವರು ಹಾಳೆಯನ್ನು ಮಡಚದೆ ಹಿಡಿದುಕೊಂಡು ಹೊರಟರು. ಪ್ರದರ್ಶನದ ದಿನ ಮೈಕು ಆನ್ ಇರುತ್ತದೆ, ಡಿಲೇಯೂ ಇರುತ್ತದೆ. ಬಾಗಿಲು ಗೇಣಗಲ ತೆರೆದಿರುತ್ತದೆಯೇ ಎಂದು ನನ್ನನ್ನು ಕೇಳಬೇಡಿ. ಮಾವ ಇನ್ನೂ ಎರಡನೇ ಮಹಡಿಯಲ್ಲಿದ್ದಾರೆ. ಮಂಡಿನೋವಿನವರಿಗೆ ಹತ್ತುವುದಕ್ಕಿಂತ ಇಳಿಯುವುದೇ ಕಷ್ಟ.