ಮನೆಯವರು ಹೇಳಬೇಕು

ಬೀಗ ಬಿದ್ದು ಒಂಬತ್ತು ದಿನವಾಗಿತ್ತು. ಬೆಳಿಗ್ಗೆ ಎಂಟಕ್ಕೆ ಗೋದಾಮಿನ ಮೇಸ್ತ್ರಿ ಹೆಂಡತಿ ಮಗಳನ್ನು ಒಳಗೆ ಬಿಟ್ಟು, ಹೊರಗಿನಿಂದ ಬೀಗ ಜಡಿದು ಕೆಲಸಕ್ಕೆ ಹೋದರೆ ತೆಗೆಯುವುದು ಸಂಜೆ ಆರಕ್ಕೆ. ಹೆಂಡತಿ ಮಾಡಿದ ತಪ್ಪು ಇಷ್ಟೇ: ಅವನ ಏಟಿಗೆ ಹುಬ್ಬಿನ ಮೇಲೆ ಮೂರು ಹೊಲಿಗೆ ಬಿದ್ದ ದಿನ, ಓಣಿಯ ಮಹಿಳಾ ಸಂಘಕ್ಕೆ ಹೋಗಿ ಇದ್ದದ್ದನ್ನು ಇದ್ದ ಹಾಗೆ ಹೇಳಿದ್ದಳು. ಹನ್ನೊಂದು ವರ್ಷದ ಮಗಳು ಶಾಲೆಯ ಗಂಟೆ ಕೇಳಿದಾಗಲೆಲ್ಲ ಕಿಟಕಿಯ ಸರಳು ಹಿಡಿದು ನಿಲ್ಲುತ್ತಿದ್ದಳು.

ಸಂಘದವರು ಠಾಣೆಗೆ ಹೋದರು. ಸಾಹೇಬರು ಚಹಾ ಹೀರುತ್ತಾ, "ಬೀಗ ಅವನ್ದು, ಕೀಲಿ ಅವನ್ದು. ಮನೆ ವಿಷಯ ಕಣ್ರಮ್ಮಾ, ನೀವು ಮೂಗು ತೂರಿಸ್ಬೇಡಿ," ಎಂದು ಕೈ ತೊಳೆದುಕೊಂಡರು.

ಸಂಘದಲ್ಲಿ ಕೀಲಿಯಕ್ಕ ಇದ್ದಳು. ಬಸ್ ನಿಲ್ದಾಣದ ಮೆಟ್ಟಿಲ ಕೆಳಗೆ ಅವಳ ಗೂಡಂಗಡಿ. ಎಂಥ ಬೀಗವಾದರೂ ಅವಳ ಕೈಗೆ ಸಿಕ್ಕರೆ ಬಾಯಿ ಬಿಡಲೇಬೇಕು. ಆದರೆ ಇಪ್ಪತ್ತಾರು ವರ್ಷದಿಂದ ಅವಳದು ಒಂದೇ ನೇಮ. ಮನೆಯವರು ಹೇಳದೆ ಬೀಗ ಮುಟ್ಟುವುದಿಲ್ಲ, ಕೀಲಿ ಮಾಡಿಕೊಡುವುದಿಲ್ಲ. ತನಗೂ ಕಳ್ಳನಿಗೂ ಇರುವ ವ್ಯತ್ಯಾಸ ಅದೊಂದೇ ಎಂದು ಅವಳು ನಂಬಿದ್ದಳು. ಅದಕ್ಕೇ ಒಂಬತ್ತು ದಿನವೂ ಹಲ್ಲು ಕಚ್ಚಿಕೊಂಡು ಸುಮ್ಮನಿದ್ದಳು.

ಹತ್ತನೆಯ ದಿನ ಮೇಸ್ತ್ರಿ ತಾನಾಗಿಯೇ ಅವಳ ಮುಂದೆ ಬಂದು ನಿಂತ. ಸಂಘದಲ್ಲಿ ಯಾರ್ಯಾರಿದ್ದಾರೆ ಎಂದು ತಿಳಿಯುವ ಗೋಜಿಗೆ ಹೋದವನಲ್ಲ ಅವನು.

"ಇದಕ್ಕೆ ಇನ್ನೊಂದು ಕೀಲಿ ಮಾಡಮ್ಮಾ. ಇದು ಕಳೆದ್ರೆ ಫಜೀತಿ."

"ಮನೆ ನಿಮ್ದೇನಾ ಅಣ್ಣಾ? ಮನೆಯವ್ರು ಹೇಳಿದ್ರೆ ಮಾತ್ರ ನಾನು ಮಾಡೋದು."

"ಇನ್ಯಾರ್ದು? ಗಂಡ್ಸು ಅಂತ ನಾನಿಲ್ವಾ?" ಮೇಸ್ತ್ರಿ ಮೀಸೆ ತಿರುವಿದ.

"ಸರಿ, ಸಂಜೆ ಬನ್ನಿ. ಕೀಲಿ ಇಲ್ಲೇ ಇರ್ಲಿ."

ಅವನು ಕೀಲಿ ಕೊಟ್ಟು ಶಿಳ್ಳೆ ಹೊಡೆಯುತ್ತಾ ಗೋದಾಮಿಗೆ ಹೋದ. ಕೀಲಿಯಕ್ಕ ಕೀಲಿಯನ್ನು ತಿರುಗಿಸಿ ತಿರುಗಿಸಿ ನೋಡಿದಳು. ಕೇಳಿದ್ದು ಮೇಸ್ತ್ರಿ ಸರಿ, ಆದರೆ ಮನೆಯವರು ಅವನೊಬ್ಬನೇನಾ? ಕೀಲಿ ಉಜ್ಜುವ ಅರವನ್ನು ಡಬ್ಬಿಗೆ ಹಾಕಿ, ಸಂಘದ ನಾಲ್ವರನ್ನು ಕೂಗಿಕೊಂಡು ಮೇಸ್ತ್ರಿಯ ಮನೆಯ ಕಿಟಕಿಯ ಮುಂದೆ ನಿಂತಳು.

"ತಂಗೀ, ಈ ಮನೆ ಯಾರ್ದು?"

ಮೇಸ್ತ್ರಿಯ ಹೆಂಡತಿ ತಬ್ಬಿಬ್ಬಾದಳು. ಮದುವೆಯಾದ ಮೇಲೆ ಈ ಪ್ರಶ್ನೆಯನ್ನು ಅವಳಿಗೆ ಯಾರೂ ಕೇಳಿರಲಿಲ್ಲ.

"ನಮ್ಮಮ್ಮ ಕೊಟ್ಟಿದ್ದು ಅಕ್ಕಾ. ಪತ್ರ ನನ್ನ ಹೆಸ್ರಲ್ಲೇ ಇದೆ. ಹಿಟ್ಟಿನ ಡಬ್ಬೀಲಿ ಇಟ್ಟಿದೀನಿ, ಅಡುಗೆಮನೆಗೆ ಅವ್ರು ತಲೆ ಹಾಕಲ್ಲ."

"ಹಾಗಾದ್ರೆ ಮನೆಯವಳು ನೀನೇ ಆದೆ. ಬಾಗಿಲು ತೆಗೀಲಾ?"

"ತೆಗೀರಿ."

"ಬೀಗಾನೂ ಬದಲಾಯಿಸಿ ಅಜ್ಜೀ!" ಮಗಳು ಅಲ್ಲೇ ಕುಣಿದಳು.

"ಅದನ್ನ ನಿಮ್ಮಮ್ಮ ಹೇಳ್ಬೇಕು ಪುಟ್ಟೀ."

"ಬದಲಾಯಿಸಿ," ಎಂದಳು ಅಮ್ಮ. ಹುಬ್ಬಿನ ಹೊಲಿಗೆ ಎಳೆದು ನೋವಾದರೂ ನಕ್ಕುಬಿಟ್ಟಳು.

ಮಧ್ಯಾಹ್ನದ ಗಂಟೆ ಬಾರಿಸಿದಾಗ ಹುಡುಗಿ ಶಾಲೆಯಲ್ಲಿದ್ದಳು.

ಸಂಜೆ ಗೂಡಂಗಡಿ ಮುಚ್ಚಿತ್ತು. ಮೇಸ್ತ್ರಿ ಮನೆಗೆ ಬಂದು ನೋಡಿದರೆ ಬಾಗಿಲಿಗೇ ಕೂರಿಸಿದ ಹೊಸ ಬೀಗ, ಒಳಗಿನಿಂದ ಭದ್ರ. ಮೆಟ್ಟಿಲ ತುಂಬ ಸಂಘದ ಹೆಂಗಸರು ಚಹಾ ಕುಡಿಯುತ್ತಾ ಕುಳಿತಿದ್ದರು. ಅವನು ಗಂಟಲು ಹರಿಯುವಂತೆ ಕೂಗಿದ. ಒಬ್ಬಳೂ ಏಳಲಿಲ್ಲ. ಕೊನೆಗೆ ಓಡಿಹೋಗಿ ಠಾಣೆಯ ಸಾಹೇಬರನ್ನೇ ಕರೆತಂದ.

ಕೀಲಿಯಕ್ಕ ಎದ್ದು ಹಳೆಯ ಬೀಗವನ್ನೂ ಕೀಲಿಯನ್ನೂ ಮೇಸ್ತ್ರಿಯ ಕೈಗಿಟ್ಟಳು.

"ಬೀಗ ನಿಮ್ದು, ಕೀಲಿ ನಿಮ್ದು. ಸಾಹೇಬ್ರು ಅವತ್ತೇ ಹೇಳಿದ್ರು. ತಗೊಂಡು ಹೋಗಿ."

"ಏನ್ರಮ್ಮಾ ಇದು? ಬಾಗಿಲು ತೆಗೆಸ್ರೀ!" ಸಾಹೇಬರು ಗದರಿದರು.

"ಈ ಬೀಗ ಅವಳ್ದು, ಮನೆಯೂ ಅವಳ್ದೇ. ಪತ್ರ ನೋಡಿ, ಹಿಟ್ಟು ಮೆತ್ತಿದೆ, ಒರೆಸ್ಕೊಳ್ಳಿ. ಅವತ್ತು ಬಿಟ್ಟ ದೂರನ್ನ ಇವತ್ತು ಬರ್ಕೊಳ್ಳಿ. ಬರ್ಕೊಳ್ಳೋವರ್ಗೂ ನಾವು ಏಳಲ್ಲ."

ಸಾಹೇಬರು ಪತ್ರ ನೋಡಿದರು, ಹೆಂಗಸರನ್ನು ನೋಡಿದರು. ಅಷ್ಟರಲ್ಲಿ ಅಕ್ಕಪಕ್ಕದ ಮನೆಗಳಿಂದಲೂ ಹೆಂಗಸರು ಬಂದು ಮೆಟ್ಟಿಲು ಸಾಲದೆ ನೆಲದ ಮೇಲೆ ಕುಳಿತಿದ್ದರು. ಸಾಹೇಬರು ಜೇಬಿನಿಂದ ಪೆನ್ನು ತೆಗೆದರು.

ಮೇಸ್ತ್ರಿಯ ಮೋರೆ ಪೆಚ್ಚಾಯಿತು. ದನಿ ತಗ್ಗಿಸಿ ಕೀಲಿಯಕ್ಕನನ್ನು ಕೇಳಿದ: "ಅಕ್ಕಾ, ಈ ಹೊಸದಕ್ಕೆ ನನಗೊಂದು ಕೀಲಿ ಮಾಡ್ಕೊಡು."

"ಮಾಡ್ಕೊಡ್ತೀನಿ ಅಣ್ಣಾ, ಅದಕ್ಕೇನಂತೆ. ಮನೆಯವ್ರು ಹೇಳ್ಬೇಕು ಅಷ್ಟೇ."

ಎಲ್ಲರೂ ಕಿಟಕಿಯತ್ತ ತಿರುಗಿದರು. ಮೇಸ್ತ್ರಿಯ ಹೆಂಡತಿ ಮಗಳ ಹೆಗಲ ಮೇಲೆ ಕೈಯಿಟ್ಟು ನಿಂತಿದ್ದಳು.

"ನಾನು ಹೇಳಲ್ಲ," ಅಂದಳು.